ಮುಚ್ಚಿದ ಪೆಟ್ಟಿಗೆಯ ಲೆಕ್ಕ

ಈ ಪುಟದಲ್ಲಿ ನಾವು ತಿಂಗಳು ತಿಂಗಳೂ ಬರೆಯುತ್ತ ಬಂದಿರುವುದು ಮನೆವಾರ್ತೆಗೆ ಸೇರಿದ ಸಣ್ಣಪುಟ್ಟ ಸಂಗತಿಗಳನ್ನು. ಹೀಗಿರಲು, ಈ ಸಲ ಮೋಟಾರು ಕಾರಿನ ಡಿಕ್ಕಿಯಲ್ಲಿ ಇಡತಕ್ಕ ಒಂದು ಧ್ವನಿಪೆಟ್ಟಿಗೆಯ ವಿಚಾರವನ್ನು ಎತ್ತಿಕೊಂಡಿದ್ದೇವೆಂದರೆ ವಾಚಕರಲ್ಲಿ ಕೆಲವರಾದರೂ ಹುಬ್ಬೇರಿಸದಿರಲಾರರು. ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಹುಡುಗರಿಗೆ ಶಬ್ದಮಂಜರಿಯನ್ನೂ ಅಮರವನ್ನೂ ಬಾಯಿಪಾಠ ಮಾಡಿಸಿದ ಮೇಷ್ಟರಿಗೆ ಈ ವಯಸ್ಸಿನಲ್ಲಿ ಸಬ್‌ವೂಫರಿನ ಸಹವಾಸವೇಕೆ ಎಂದು ನಮ್ಮ ಮನೆಯಲ್ಲಿಯೂ ಕೇಳಿದರು. ಅದಕ್ಕೆ ಉತ್ತರ ಹೇಳಬೇಕಾದರೆ ಕಳೆದ ಮಾಘಮಾಸದಲ್ಲಿ ನಾವು ಮಾಡಿದ ಒಂದು ಸಣ್ಣ ಪ್ರಯಾಣದಿಂದ ಆರಂಭಿಸಬೇಕಾಗಿದೆ.

ನಮ್ಮ ಅಣ್ಣನವರು ತೀರಿಕೊಂಡು ಏಳು ವರ್ಷಗಳಾದುವು. ಹೊಟ್ಟೆಪಾಡಿಗೆ ಅವರು ಗುಮಾಸ್ತರು. ಮನಸ್ಸಿನ ಪಾಡಿಗೆ ಮೃದಂಗ ನುಡಿಸುತ್ತಿದ್ದವರು. ದೊಡ್ಡ ಹೆಸರೇನನ್ನೂ ಗಳಿಸಿದವರಲ್ಲ. ರಾಮೋತ್ಸವದ ಚಪ್ಪರಗಳಲ್ಲಿ, ಹತ್ತಿರದವರ ಮದುವೆಗಳಲ್ಲಿ, ಕರೆದರೆ ಹೋಗಿ ನುಡಿಸಿ ಕೊಟ್ಟಷ್ಟನ್ನು ತೆಗೆದುಕೊಂಡು ಬರುತ್ತಿದ್ದರು. 1986ರಲ್ಲಿ ಯಾರೋ ಪುಣ್ಯಾತ್ಮರು ಅಂತಹ ಒಂದು ಕಚೇರಿಯನ್ನು ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟರು. ಆ ಒಂದು ಗಂಟೆಯ ನಾದವನ್ನು ಬಿಟ್ಟರೆ ಅವರ ಕೈಯ ಗುರುತು ಈಗ ಬೇರೆಲ್ಲಿಯೂ ಉಳಿದಿಲ್ಲ. ಅವರ ಮಗನು ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಮೈಸೂರಿನಿಂದ ಮೇಲುಕೋಟೆಗೆ ಅತ್ತಿಗೆಯವರನ್ನೂ ನಮ್ಮನ್ನೂ ಕರೆದುಕೊಂಡು ಹೊರಟ ದಿವಸ ಕಾರಿನಲ್ಲಿ ಹಾಕಿದನು. ತಾಯಿಗೆ ಚೆನ್ನಾಗಿ ಕೇಳಿಸಲೆಂದೇ ಒಂದು ಸಬ್‌ವೂಫರನ್ನು ಪೆಟ್ಟಿಗೆ ಸಮೇತ ಅಂಗಡಿಯಿಂದ ಕೊಂಡು ಕೂಡಿಸಿದ್ದನು. ಶ್ರೀರಂಗಪಟ್ಟಣ ದಾಟುವವರೆಗೆ ಅತ್ತಿಗೆಯವರು ಮಾತನಾಡಲಿಲ್ಲ. ಆಮೇಲೆ, "ನಿಲ್ಲಿಸಪ್ಪ, ಇದು ಅವರ ಕೈಯಲ್ಲ" ಎಂದರು.

ಹುಡುಗನ ಮುಖ ಸಣ್ಣಗಾಯಿತು. ಆದರೆ ಅವರು ಹೇಳಿದುದು ದಿಟ. ಮೃದಂಗದ ಬಲಗಡೆಯ ನುಡಿಗಳು ಹೇಗೋ ಕೇಳುತ್ತಿದ್ದುವು. ಎಡಗಡೆಯ ತೊಪ್ಪಿಯ ಮೇಲೆ ಬಿದ್ದ ಪೆಟ್ಟುಗಳು ಮಾತ್ರ, ಮೆಲ್ಲನೆಯದಾಗಲಿ ಬಿರುಸಿನದಾಗಲಿ, ಎಲ್ಲವೂ ಒಂದೇ 'ಧುಂ' ಆಗಿ ಒಂದರ ಬಾಲವನ್ನೊಂದು ತುಳಿಯುತ್ತಿದ್ದುವು. ಅಂಗೈಯನ್ನು ಒತ್ತಿ ಜಾರಿಸಿ ತೆಗೆಯುವ ಗುಮ್ಕಿಯಲ್ಲಿ ಸ್ವರವು ಕೆಳಗಿನಿಂದ ಮೇಲಕ್ಕೆ ನಡೆಯಬೇಕಷ್ಟೆ. ಅದು ನಿಂತಲ್ಲಿಯೇ ನಿಂತಿತ್ತು. ಮನೆಗೆ ಬಂದ ಮೇಲೆ ಹುಡುಗನು, "ಚಿಕ್ಕಪ್ಪ, ದೋಷ ಸ್ಪೀಕರಿನದಲ್ಲ, ಪೆಟ್ಟಿಗೆಯದು. ನಾನೇ ಲೆಕ್ಕಹಾಕಿ ಬೇರೆ ಪೆಟ್ಟಿಗೆ ಮಾಡಿಸುತ್ತೇನೆ. ನೀವು ಪಕ್ಕದಲ್ಲಿ ಕೂತಿರಿ, ಸಾಕು" ಎಂದನು. ಲೆಕ್ಕವೆಂದ ಮೇಲೆ ನಾವು ಕೂರದೆ ಇರುವುದು ಹೇಗೆ?

ಸಬ್‌ವೂಫರೆಂದರೆ ಮಂದ್ರದಲ್ಲಿಯೂ ಮಂದ್ರವಾದ ನಾದಗಳನ್ನು ಮಾತ್ರ ನುಡಿಸುವ ದೊಡ್ಡ ಸ್ಪೀಕರು. ಹನ್ನೆರಡು ಅಂಗುಲದ ಒಂದು ಬಟ್ಟಲು. ಅದರ ಬಾಯಿಗೆ ಆಲಿಕೆಯಾಕಾರದ ಗಟ್ಟಿಕಾಗದ. ಹಿಂದುಗಡೆ ಅಯಸ್ಕಾಂತ ಮತ್ತು ತಂತಿಯ ಸುರುಳಿ. ವಿದ್ಯುತ್ತು ಸುರುಳಿಯಲ್ಲಿ ಹರಿದಾಡಿದಂತೆ ಆಲಿಕೆಯು ಮುಂದಕ್ಕೂ ಹಿಂದಕ್ಕೂ ಆಡಿ ಗಾಳಿಯನ್ನು ತಳ್ಳುತ್ತದೆ. ಇದನ್ನು ಪೆಟ್ಟಿಗೆಯಿಲ್ಲದೆ ಬರಿದೆ ನುಡಿಸಿದರೆ ಮಂದ್ರವೇ ಕೇಳುವುದಿಲ್ಲ. ಏಕೆಂದರೆ ಆಲಿಕೆಯು ಮುಂದಿನ ಗಾಳಿಯನ್ನು ಒತ್ತಿದ ಕ್ಷಣದಲ್ಲಿಯೇ ಹಿಂದಿನ ಗಾಳಿಯು ಸಡಿಲಗೊಳ್ಳುತ್ತದೆ. ಮುಂದಿನ ಒತ್ತಡವು ಅಂಚನ್ನು ಸುತ್ತಿ ಹಿಂದಿನ ಸಡಿಲಿಕೆಯನ್ನು ತುಂಬಿಬಿಡುತ್ತದೆ. ಎರಡೂ ಒಂದನ್ನೊಂದು ನುಂಗಿ ನಮಗೆ ಉಳಿಯುವುದು ಶೂನ್ಯ. ಆದುದರಿಂದ ಹಿಂಬದಿಯ ಗಾಳಿಯನ್ನು ಸೆರೆಹಿಡಿಯಬೇಕು. ಪೆಟ್ಟಿಗೆಯ ಪ್ರಥಮ ಪ್ರಯೋಜನ ಇದು.

ಶಬ್ದವು ಆಕಾಶದ ಗುಣವೆಂದು ನಮ್ಮ ತಾರ್ಕಿಕರು ಸಾಧಿಸಿದರು; ಗಡಿಗೆಯೊಳಗಣ ಆಕಾಶವನ್ನು ಘಟಾಕಾಶವೆಂದು ವೇದಾಂತಿಗಳು ಕರೆದರು. ಗಡಿಗೆ ದೊಡ್ಡದಾಗಲಿ ಚಿಕ್ಕದಾಗಲಿ ಘಟಾಕಾಶಕ್ಕೆ ಏನೂ ಆಗುವುದಿಲ್ಲ. ಆದರೆ ಇಲ್ಲಿ ಕೆಲಸ ಮಾಡುವುದು ಆಕಾಶವಲ್ಲ, ವಾಯು; ಅದಕ್ಕೆ ಗಡಿಗೆಯ ಗಾತ್ರ ಬಹಳ ಮುಖ್ಯ. ಮುಚ್ಚಿದ ಪೆಟ್ಟಿಗೆಯಲ್ಲಿ ಆಲಿಕೆಯು ಒಳಕ್ಕೆ ಸರಿದಾಗ ಗಾಳಿ ಅದನ್ನು ಹೊರಕ್ಕೆ ನೂಕುತ್ತದೆ. ಹೊರಕ್ಕೆ ಸರಿದಾಗ ಒಳಕ್ಕೆ ಸೆಳೆಯುತ್ತದೆ. ಎಂದರೆ ಅದೊಂದು ಸ್ಪ್ರಿಂಗು. ಚಿಕ್ಕ ಪೆಟ್ಟಿಗೆ ಬಿರುಸಾದ ಸ್ಪ್ರಿಂಗು. ದೊಡ್ಡ ಪೆಟ್ಟಿಗೆ ಮೆದುವಾದುದು. ಈ ಗಾಳಿಯ ಸ್ಪ್ರಿಂಗನ್ನು ಒಂದು ತೊಡಕೆಂದು ತಿಳಿಯದೆ ಅದನ್ನೇ ಕೆಲಸಕ್ಕೆ ಹಚ್ಚಬಹುದೆಂದು ತೋರಿಸಿಕೊಟ್ಟವರು ಅಮೆರಿಕಾ ದೇಶದ ಎಡ್ಗರ್ ವಿಲ್ಚರ್ ಎಂಬವರು. 1954ರಲ್ಲಿ ಅವರೂ ಹೆನ್ರಿ ಕ್ಲಾಸ್ ಎಂಬವರೂ ಕೂಡಿ ಸ್ಥಾಪಿಸಿದ ಅಕೌಸ್ಟಿಕ್ ರಿಸರ್ಚ್ ಎಂಬ ಸಂಸ್ಥೆಯಿಂದ ಹೊರಬಂದ ಸ್ಪೀಕರು ಅಂದಿನ ಕಪಾಟಿನಂತಹ ಪೆಟ್ಟಿಗೆಗಳ ಮುಂದೆ ಗುಬ್ಬಿಯ ಹಾಗಿದ್ದರೂ ಮಂದ್ರದಲ್ಲಿ ಅವನ್ನು ನಾಚಿಸಿತು.

ಪೆಟ್ಟಿಗೆಗೆ ಒಂದು ಕೊಳವೆಯನ್ನಿಟ್ಟು ಹಿಂಬದಿಯ ನಾದವನ್ನೂ ಉಪಯೋಗಿಸಿಕೊಳ್ಳುವ ಇನ್ನೊಂದು ಬಗೆಯುಂಟು. ಅದರಲ್ಲಿ ಗದ್ದಲ ಹೆಚ್ಚು ದೊರೆಯುತ್ತದೆ. ಆದರೆ ಕೊಳವೆಯ ಸ್ವರಕ್ಕಿಂತ ಕೆಳಗೆ ಆಲಿಕೆಗೆ ಯಾವ ತಡೆಯೂ ಉಳಿಯದು, ಅಳತೆಯಲ್ಲಿ ಎಳ್ಳಷ್ಟು ತಪ್ಪಿದರೂ ಕ್ಷಮೆಯಿಲ್ಲ. ಮೊದಲ ಸಲ ಮಾಡುವವರಿಗೆ ಮುಚ್ಚಿದ ಪೆಟ್ಟಿಗೆಯೇ ಲೇಸೆಂದು ಹುಡುಗನೂ ನಾವೂ ಒಪ್ಪಿದೆವು.

ಇನ್ನು ಲೆಕ್ಕ. ಪ್ರತಿಯೊಂದು ಸ್ಪೀಕರಿಗೂ ಅದನ್ನು ಮಾಡಿದವರು ಕೆಲವು ಸಂಖ್ಯೆಗಳನ್ನು ಕೊಟ್ಟಿರುತ್ತಾರೆ. ಆಸ್ಟ್ರೇಲಿಯಾದಲ್ಲಿ ನೆವಿಲ್ ಥೀಲ್ ಎಂಬವರು 1961ರಲ್ಲಿಯೂ, ಸಿಡ್ನಿ ವಿಶ್ವವಿದ್ಯಾನಿಲಯದಲ್ಲಿ ರಿಚರ್ಡ್ ಸ್ಮಾಲ್ ಎಂಬವರು 1972 ಮತ್ತು 73ರಲ್ಲಿಯೂ ಪ್ರಕಟಿಸಿದ ಲೇಖನಗಳಿಂದ ಈ ಪದ್ಧತಿ ನೆಲೆಗೊಂಡಿತು. ಅವರಿಬ್ಬರ ಹೆಸರಿನಿಂದಲೇ ಇವನ್ನು ಥೀಲ್-ಸ್ಮಾಲ್ ಸಂಖ್ಯೆಗಳೆನ್ನುತ್ತಾರೆ. ಮುಚ್ಚಿದ ಪೆಟ್ಟಿಗೆಗೆ ಅವುಗಳಲ್ಲಿ ಮೂರು ಸಾಕು.

ಮೊದಲನೆಯದು ಎಫ್.ಎಸ್., ಆಲಿಕೆಯ ಸಹಜವಾದ ಸ್ವರ. ತೊಪ್ಪಿಗೆ ರವೆಯನ್ನು ಕಲಸಿ ಮೆತ್ತುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರವೆಯ ಭಾರ ಹೆಚ್ಚಿದಷ್ಟೂ ಸ್ವರ ಇಳಿಯುತ್ತದೆ. ಚರ್ಮವನ್ನು ಬಿಗಿದಷ್ಟೂ ಏರುತ್ತದೆ. ಆಲಿಕೆಯ ಭಾರಕ್ಕೂ ಅದರ ಕಟ್ಟಿನ ಬಿಗಿಗೂ ಇದೇ ಸಂಬಂಧ. ನಮ್ಮ ಸ್ಪೀಕರಿಗೆ ಅದು 30 ಹರ್ಟ್ಸ್, ಎಂದರೆ ಸೆಕೆಂಡಿಗೆ 30 ಆಂದೋಲನ. ಎರಡನೆಯದು ವಿ.ಎ.ಎಸ್.; ಆಲಿಕೆಯ ಕಟ್ಟು ಎಷ್ಟು ಬಿಗಿಯೋ ಅಷ್ಟೇ ಬಿಗಿಯಾಗಿ ವರ್ತಿಸುವ ಗಾಳಿಯ ಪರಿಮಾಣ. ನಮ್ಮದು 50 ಲೀಟರು. ಮೂರನೆಯದು ಕ್ಯೂ.ಟಿ.ಎಸ್.; ಉಯ್ಯಾಲೆಯನ್ನು ನೂಕಿ ಬಿಟ್ಟರೆ ಅದು ಎಷ್ಟು ಸಲ ಆಡಿ ನಿಲ್ಲುತ್ತದೆಂಬುದರ ಅಳತೆ. ಸಂಖ್ಯೆ ಚಿಕ್ಕದಾದರೆ ಬೇಗ ನಿಲ್ಲುವುದು, ದೊಡ್ಡದಾದರೆ ತಡವಾಗಿ. ಆಲಿಕೆಯನ್ನು ನಿಲ್ಲಿಸುವ ಕೈಗಳು ಎರಡು: ಒಂದು ಕಟ್ಟಿನ ಘರ್ಷಣೆ, ಇನ್ನೊಂದು ಅಯಸ್ಕಾಂತದ ಹಿಡಿತ. ಇವಕ್ಕೆ ಬೇರೆ ಬೇರೆ ಸಂಖ್ಯೆಗಳಿದ್ದು ಎರಡೂ ಕೂಡಿ ಕ್ಯೂ.ಟಿ.ಎಸ್. ಆಗುತ್ತದೆ.

ಹುಡುಗನು ವಿನ್‌ಐಎಸ್‌ಡಿ ಎಂಬ ತಂತ್ರಾಂಶವನ್ನು ತೆರೆದನು. ಇದು ದುಡ್ಡಿಲ್ಲದೆ ದೊರೆಯತಕ್ಕದ್ದು. ಸ್ಪೀಕರಿನ ಸಂಖ್ಯೆಗಳನ್ನು ಒಂದೊಂದಾಗಿ ತುಂಬಿ, ಮುಚ್ಚಿದ ಪೆಟ್ಟಿಗೆಯೆಂದು ಆರಿಸಿ, ಇಷ್ಟು ಲೀಟರೆಂದು ಹೇಳಿದರೆ ಅದು ಒಂದು ವಕ್ರರೇಖೆಯನ್ನು ಬರೆದು ತೋರಿಸುತ್ತದೆ: ಯಾವ ಸ್ವರ ಎಷ್ಟು ಜೋರಾಗಿ ಕೇಳೀತು, ಎಲ್ಲಿಂದ ಇಳಿಯಲಾರಂಭಿಸೀತು, ಇಷ್ಟು ವಿದ್ಯುತ್ತು ಕೊಟ್ಟರೆ ಆಲಿಕೆ ಎಷ್ಟು ಮಿಲಿಮೀಟರು ಆಡೀತು ಎಂಬುದೆಲ್ಲ ಕಣ್ಣಿಗೆ ಕಟ್ಟುತ್ತದೆ. ಹಲಗೆಯನ್ನು ಕೊಯ್ಯುವ ಮೊದಲೇ ನೂರು ಪೆಟ್ಟಿಗೆಗಳನ್ನು ಮಾಡಿ ಮುರಿಯಬಹುದು. ಸ್ಲೇಟು ಬಳಪಗಳಲ್ಲಿ ಬೆಳೆದ ನಮಗೆ ಇದನ್ನು ಕಂಡು ಹೊಟ್ಟೆಯುರಿಯಲಿಲ್ಲವೆಂದರೆ ಸುಳ್ಳಾದೀತು.

ಆದರೆ ಮೊದಲ ಹೆಜ್ಜೆಯಲ್ಲಿಯೇ ತಂತ್ರಾಂಶವು ಮೊಂಡುಹಿಡಿಯಿತು. ಸ್ಪೀಕರಿನ ಜೊತೆಗೆ ಬಂದ ಚೀಟಿಯಲ್ಲಿದ್ದ ಸಂಖ್ಯೆಗಳು ಒಂದಕ್ಕೊಂದು ಹೊಂದುವುದಿಲ್ಲವೆಂದು ಅದರ ತಕರಾರು. ಹುಡುಗನು ಎರಡು ಮೂರು ಸಲ ತುಂಬಿ ಅಳಿಸಿ, "ಇದರಲ್ಲೇ ಏನೋ ದೋಷ, ಚಿಕ್ಕಪ್ಪ" ಎಂದು ತಂತ್ರಾಂಶವನ್ನೇ ಬೈಯತೊಡಗಿದನು. ನಾವು ಚೀಟಿಯನ್ನು ಕೈಗೆ ತೆಗೆದುಕೊಂಡೆವು. ಅಯಸ್ಕಾಂತದ ಸಂಖ್ಯೆ 0.49, ಘರ್ಷಣೆಯ ಸಂಖ್ಯೆ 5.5, ಎರಡೂ ಕೂಡಿದ್ದು 0.54 ಎಂದು ಅಚ್ಚಾಗಿತ್ತು. ಇವೆರಡನ್ನು ಕೂಡಿಸುವ ಕ್ರಮವೇನೆಂದು ಕೇಳಿದೆವು. ಗುಣಲಬ್ಧವನ್ನು ಮೊತ್ತದಿಂದ ಭಾಗಿಸಬೇಕೆಂದನು. ಅಯ್ಯಾ, ಇದು ತೊಟ್ಟಿ ತುಂಬುವ ಕೊಳವೆಗಳ ಲೆಕ್ಕವಲ್ಲವೆ! ಒಂದು ಕೊಳವೆ ತೊಟ್ಟಿಯನ್ನು ಒಂದು ಗಂಟೆಯಲ್ಲಿಯೂ ಇನ್ನೊಂದು ಹನ್ನೊಂದು ಗಂಟೆಯಲ್ಲಿಯೂ ತುಂಬುವುದಾದರೆ ಎರಡನ್ನೂ ಬಿಟ್ಟಾಗ ಒಂದು ಗಂಟೆಗಿಂತ ಕಡಮೆಯೇ ಹಿಡಿಯಬೇಕು. ಹೆಚ್ಚು ಹಿಡಿಯಲು ಎಂದಿಗೂ ಸಾಧ್ಯವಿಲ್ಲ. ಹಾಗೆಯೇ 0.49ರ ಜೊತೆಗೆ ಮತ್ತಾವುದು ಸೇರಿದರೂ ಫಲವು 0.49ಕ್ಕಿಂತ ಕೆಳಗಿರಲೇಬೇಕು. 0.54 ಹೇಗೆ ಬಂದೀತು? ಲೆಕ್ಕ ಮಾಡಿದರೆ 0.45 ಬರುತ್ತದೆ. ಎರಡು ಅಂಕೆಗಳು ಸ್ಥಾನ ಬದಲಾಯಿಸಿಕೊಂಡಿದ್ದುವು, ಅಷ್ಟೆ. ಅಚ್ಚುಮೊಳೆ ಜೋಡಿಸುವವರು ಇಲ್ಲದ ಈ ಕಾಲದಲ್ಲಿಯೂ ಮುದ್ರಾರಾಕ್ಷಸನು ಬದುಕಿದ್ದಾನೆ. ತಯಾರಕರ ವಿಸ್ತಾರವಾದ ಪತ್ರಿಕೆಯನ್ನು ಹುಡುಗನು ಆಮೇಲೆ ಹುಡುಕಿ ತೆಗೆದಾಗ ಅದರಲ್ಲಿ 0.45 ಎಂದೇ ಇದ್ದಿತು.

ಇಷ್ಟು ಚಿಕ್ಕ ತಪ್ಪಿನಿಂದ ಏನಾಗುತ್ತಿತ್ತೆಂಬುದನ್ನು ವಾಚಕರು ನೋಡಬೇಕು. ಸ್ಪೀಕರನ್ನು ಪೆಟ್ಟಿಗೆಯಲ್ಲಿ ಕೂಡಿಸಿದ ಮೇಲೆ ಅದರ ಕ್ಯೂ ಸಂಖ್ಯೆ ಏರುತ್ತದೆ. ಆ ಏರಿದ ಸಂಖ್ಯೆ 0.707 ಆದರೆ ರೇಖೆಯು ಎಲ್ಲಿಯೂ ಉಬ್ಬದೆ, ಸಾಧ್ಯವಾದಷ್ಟು ಕೆಳಗಿನವರೆಗೂ ಸಮನಾಗಿ ಹೋಗಿ ಇಳಿಯುತ್ತದೆ. ಈ 0.707 ಎಂಬುದು ಎರಡರ ವರ್ಗಮೂಲದ ಅರ್ಧ. ಯಜ್ಞವೇದಿಯನ್ನು ಅಳೆಯುವುದಕ್ಕಾಗಿ ಬೌಧಾಯನ ಶುಲ್ಬಸೂತ್ರದಲ್ಲಿ ಎರಡರ ವರ್ಗಮೂಲಕ್ಕೆ ಕೊಟ್ಟಿರುವ ಮಾನ 577/408. ಅದನ್ನು ಅರ್ಧಿಸಿ ನೋಡಿದರೆ ಈ ಕೆಲಸಕ್ಕೆ ಬೇಕಾದುದಕ್ಕಿಂತ ಎಷ್ಟೋ ಸೂಕ್ಷ್ಮವಾಗಿ ಇದೇ ಬರುತ್ತದೆ. ಇರಲಿ. ಲೆಕ್ಕದ ಕ್ರಮ ಇಷ್ಟು: ಬೇಕಾದ 0.707ನ್ನು ಸ್ಪೀಕರಿನ 0.45ರಿಂದ ಭಾಗಿಸಿದರೆ 1.571. ಅದರ ವರ್ಗ 2.468. ಒಂದನ್ನು ಕಳೆದರೆ 1.468. ಇದರಿಂದ 50 ಲೀಟರನ್ನು ಭಾಗಿಸಿದರೆ 34 ಲೀಟರು. ಇದೇ ಪೆಟ್ಟಿಗೆಯ ಒಳಗಾತ್ರ. ಆಲಿಕೆಯ 30 ಹರ್ಟ್ಸ್ ಸ್ವರವೂ ಅದೇ 1.571ರಷ್ಟು ಏರಿ 47 ಆಗುತ್ತದೆ. ತಂತ್ರಾಂಶವೂ ಇದನ್ನೇ ಹೇಳಿತು. ಚೀಟಿಯ 0.54ನ್ನು ನಂಬಿ ಇದೇ ಲೆಕ್ಕವನ್ನು ಮಾಡಿದರೆ 70 ಲೀಟರಿನ ಪೆಟ್ಟಿಗೆಯಾಗುತ್ತದೆ! ಡಿಕ್ಕಿಯ ತುಂಬ ಅದೇ ಕುಳಿತು ಅತ್ತಿಗೆಯವರ ತರಕಾರಿಯ ಚೀಲಕ್ಕೂ ಸ್ಥಳವಿರುತ್ತಿರಲಿಲ್ಲ.

ಅಂಗಡಿಯಿಂದ ತಂದ ಹಳೆಯ ಪೆಟ್ಟಿಗೆಯನ್ನೂ ಬಿಚ್ಚಿ ಅಳೆದೆವು. ಜಾಗ ಉಳಿಯಲೆಂದು ತೆಳ್ಳಗೆ ಮಾಡಿದ್ದು. ಸ್ಪೀಕರಿನ ಬೆನ್ನು ಆಕ್ರಮಿಸಿದ ಜಾಗವನ್ನು ಕಳೆದರೆ 13 ಲೀಟರು ಮಾತ್ರ. ಆ ಗಾತ್ರಕ್ಕೆ ಕ್ಯೂ ಸಂಖ್ಯೆ ಹೆಚ್ಚುಕಡಮೆ 1 ಆಗುತ್ತದೆ, ಸ್ವರ 66ಕ್ಕೆ ಏರುತ್ತದೆ, ಅದಕ್ಕೆ ಮೇಲೆ ರೇಖೆಯು ಉಬ್ಬುತ್ತದೆ. ಅಣ್ಣನವರು ಆ ದಿನ ಒಂದು ಮನೆ ಶ್ರುತಿಗೆ ನುಡಿಸಿದ್ದರು. ತೊಪ್ಪಿಯನ್ನು ಆಧಾರಷಡ್ಜಕ್ಕಿಂತ ಒಂದು ಸ್ಥಾಯಿ ಕೆಳಗೆ ಕೂಡಿಸಿದರೆ 65 ಹರ್ಟ್ಸ್ ಆಸುಪಾಸು. ಪೆಟ್ಟಿಗೆಯ ಸ್ವಂತ ಸ್ವರ ಸರಿಯಾಗಿ ಅಲ್ಲಿಯೇ ಬಂದು ಕುಳಿತಿತ್ತು! ಆದರೆ ನ್ಯಾಯವಾಗಿ ಹೇಳಬೇಕಾದರೆ, ಎಲ್ಲವನ್ನೂ ಈ ಸಂಖ್ಯೆಯ ತಲೆಗೆ ಕಟ್ಟುವುದು ಸರಿಯಲ್ಲ. ರೇಖೆಯ ಉಬ್ಬು ಒಂದೂಕಾಲು ಡೆಸಿಬೆಲ್ಲಿಗೆ ಮೀರದು. ಅಷ್ಟನ್ನು ಎಲ್ಲ ಕಿವಿಗಳೂ ಗುರುತಿಸಲಾರವು. ಹಲಗೆ ತೆಳುವಾಗಿದ್ದು ತಾನೂ ಸೇರಿ ಮೊರೆಯುತ್ತಿತ್ತು, ತಂತಿ ಹೋಗುವ ತೂತಿನಿಂದ ಗಾಳಿ ಸಿಳ್ಳು ಹಾಕುತ್ತಿತ್ತು. ಇವೆಲ್ಲಕ್ಕೂ ಮಿಗಿಲಾಗಿ ನಮ್ಮ ಹುಡುಗನು ಆಂಪ್ಲಿಫಯರಿನ ತಿರುಪನ್ನು ಪೂರ್ತಿ ತಿರುಗಿಸಿಟ್ಟಿದ್ದನು. ಈ ಕೊನೆಯ ಕಾರಣವನ್ನು ಅವನು ಒಪ್ಪಿಕೊಳ್ಳುವುದಕ್ಕೆ ಒಂದು ವಾರ ಹಿಡಿಯಿತು.

ಕಾರಿನ ವಿಷಯವಾಗಿ ಒಂದು ವಿಶೇಷವನ್ನು ಇಲ್ಲಿ ಹೇಳಬೇಕು. ತಂತ್ರಾಂಶದ ರೇಖೆಯು 47 ಹರ್ಟ್ಸ್‌ನ ಕೆಳಗೆ, ಸ್ಥಾಯಿಯೊಂದಕ್ಕೆ 12 ಡೆಸಿಬೆಲ್ ಪ್ರಕಾರ ಇಳಿಯುತ್ತದೆ. ಇದನ್ನು ನೋಡಿ ಹುಡುಗನು ಕಂಗೆಟ್ಟಿದ್ದನು. ಆದರೆ ಆ ರೇಖೆ ಬಯಲಿಗೆ ಹೇಳಿದ್ದು. ಕಾರಿನೊಳಗಣ ಪುಟ್ಟ ಕೋಣೆಗಲ್ಲ. ಕಾರಿನ ಒಳಗಿನ ಉದ್ದ ಎರಡೂವರೆ ಮೀಟರೆಂದು ಇಟ್ಟುಕೊಂಡರೆ, ಶಬ್ದದ ವೇಗ ಸೆಕೆಂಡಿಗೆ 343 ಮೀಟರಾದುದರಿಂದ, 69 ಹರ್ಟ್ಸ್‌ಗಿಂತ ಕೆಳಗಿನ ನಾದಗಳ ಅರ್ಧ ಅಲೆಯೂ ಅದರಲ್ಲಿ ಹಿಡಿಸುವುದಿಲ್ಲ. ಅಲ್ಲಿಂದ ಕೆಳಗೆ ಸ್ಪೀಕರು ಅಲೆಗಳನ್ನು ಕಳುಹಿಸುವ ಬದಲು ಇಡೀ ಕಾರಿನ ಗಾಳಿಯನ್ನೇ ಪಂಪಿನಂತೆ ಒತ್ತಿ ಬಿಡುತ್ತದೆ. ಸ್ವರ ಕೆಳಗಿಳಿದಂತೆಲ್ಲ ಒತ್ತಡ ಏರುತ್ತದೆ, ಸಿದ್ಧಾಂತದ ಪ್ರಕಾರ ಸ್ಥಾಯಿಯೊಂದಕ್ಕೆ ಅದೇ 12 ಡೆಸಿಬೆಲ್. ಗಾಜು, ಬಾಗಿಲು, ತಗಡುಗಳು ಅದುರಿ ಸೋರುವುದರಿಂದ ವಾಸ್ತವದಲ್ಲಿ ಅಷ್ಟು ಸಿಕ್ಕದು. ಆದರೂ ಒಂದು ಕಡೆ ಇಳಿತ, ಇನ್ನೊಂದು ಕಡೆ ಏರಿಕೆ. ಎರಡೂ ಬಹುಮಟ್ಟಿಗೆ ಸರಿಹೋಗುತ್ತವೆ. ಮುಚ್ಚಿದ ಪೆಟ್ಟಿಗೆಯೂ ಕಾರೂ ಹೇಳಿ ಮಾಡಿಸಿದ ಜೋಡಿಯೆನ್ನುವುದು ಇದರಿಂದ.

ಗಾತ್ರ ಗೊತ್ತಾಯಿತು. 34 ಲೀಟರಿಗೆ ಸ್ಪೀಕರಿನ ಬೆನ್ನಿನ ಜಾಗ ಎರಡೂವರೆ ಲೀಟರು, ಒಳಗೆ ಅಡ್ಡ ಕೊಡುವ ಪಟ್ಟಿಗೆ ಒಂದು ಲೀಟರು ಸೇರಿಸಿ, 45 ಸೆಂಟಿಮೀಟರು ಅಗಲ, 33 ಎತ್ತರ, 25.5 ಆಳವೆಂದು ನಿಶ್ಚಯಿಸಿದೆವು. ಮೂರನ್ನೂ ಗುಣಿಸಿದರೆ ಸ್ವಲ್ಪ ಕಡಮೆ 38 ಲೀಟರು. ಹುಡುಗನು ಕಾಗದದ ಮೇಲೆ ಅಂದವಾಗಿ ಚಿತ್ರ ಬರೆದು ಅಳತೆಗಳನ್ನು ತುಂಬಿದನು. ನಾವು ಅದನ್ನು ನೋಡಿ, ಗುಣಾಕಾರವನ್ನು ಮತ್ತೊಮ್ಮೆ ತಾಳೆನೋಡಿ, ಹಿಂದಿನ ಕಾಲದಲ್ಲಿ ಪರೀಕ್ಷೆಯ ಕಾಗದಕ್ಕೆ ಹಾಕುತ್ತಿದ್ದಂತೆಯೇ ಒಂದು ಗುರುತು ಹಾಕಿಕೊಟ್ಟೆವು. ಚೀಟಿಯ ತಪ್ಪನ್ನು ಹಿಡಿದ ಹೆಮ್ಮೆ ನಮ್ಮಲ್ಲಿ ಇನ್ನೂ ಆರಿರಲಿಲ್ಲ.

ಬೀದಿಯ ಕೊನೆಯ ಬಡಗಿಯು ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, "ಮೇಷ್ಟ್ರೇ, ಇದು ಒಳ ಅಳತೆಯೋ ಹೊರ ಅಳತೆಯೋ?" ಎಂದು ಕೇಳಿದನು.

ನಾವಿಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ಚಿತ್ರದಲ್ಲಿ ಅದನ್ನು ಬರೆದೇ ಇರಲಿಲ್ಲ. ಹುಡುಗನು ಕಾರಿನ ಡಿಕ್ಕಿಯಲ್ಲಿ ಟೇಪು ಹಿಡಿದು ನೋಡುವಾಗ ಇವನ್ನೇ ಹೊರ ಅಳತೆಯೆಂದು ಭಾವಿಸಿದ್ದನು. ನಾವು ಗುಣಿಸುವಾಗ ಒಳ ಅಳತೆಯೆಂದು ಭಾವಿಸಿದ್ದೆವು. ಹಲಗೆಯ ದಪ್ಪ 18 ಮಿಲಿಮೀಟರು. ಅಷ್ಟರಿಂದ ಎಷ್ಟು ಮಹಾ ವ್ಯತ್ಯಾಸವಾದೀತು ಎಂದು ತೋರಬಹುದು. ಬಡಗಿಯ ಅಂಗಡಿಯ ಜಗಲಿಯಲ್ಲಿಯೇ ಕುಳಿತು ಲೆಕ್ಕ ಹಾಕಿದೆವು. ಪ್ರತಿ ಅಳತೆಯಿಂದಲೂ ಎರಡು ಹಲಗೆಯ ದಪ್ಪ ಕಳೆಯಬೇಕು. 45ಕ್ಕೆ 41.4, 33ಕ್ಕೆ 29.4, 25.5ಕ್ಕೆ 21.9. ಗುಣಿಸಿದರೆ 26.7 ಲೀಟರು. ಅದರಲ್ಲಿ ಮೂರೂವರೆ ಹೋದರೆ ಉಳಿಯುವುದು 23! ನಮ್ಮ 34ರಲ್ಲಿ ಮೂರನೆಯ ಒಂದು ಪಾಲನ್ನು ಹಲಗೆಯೇ ತಿಂದುಬಿಡುತ್ತಿತ್ತು. ಭಾಸ್ಕರಾಚಾರ್ಯರ ಲೀಲಾವತಿಯ ಖಾತವ್ಯವಹಾರವೆಂಬ ಪ್ರಕರಣದಲ್ಲಿ ಅಗೆದ ಹಳ್ಳಗಳ ಘನಫಲವನ್ನು ಕಂಡುಹಿಡಿಯುವ ಕ್ರಮವಿದೆ. ನಾವು ಅದನ್ನು ಎಷ್ಟೋ ಸಲ ಪಾಠ ಹೇಳಿದ್ದೇವೆ. ಹಳ್ಳಕ್ಕೆ ಹಲಗೆಯಿಲ್ಲ, ಅದರಿಂದ ಈ ಪ್ರಶ್ನೆಯೇ ಅಲ್ಲಿ ಹುಟ್ಟುವುದಿಲ್ಲವೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆವು. ತಂತ್ರಾಂಶವೂ ಈ ಪ್ರಶ್ನೆಯನ್ನು ಕೇಳಲಿಲ್ಲ. ಅದು ಕೇಳಿದ್ದು ಲೀಟರನ್ನು. ಲೀಟರು ಎಲ್ಲಿಂದ ಬಂತೆಂಬುದು ಅದರ ಚಿಂತೆಯಲ್ಲ. ಆ ಬಡಗಿಯು ಏಳನೆಯ ತರಗತಿಯಲ್ಲಿ ನಮ್ಮ ಶಾಲೆಯನ್ನು ಬಿಟ್ಟವನು. ನಾವು ಗುರುತಿಸಲಿಲ್ಲ, ಅವನೇ ಹೇಳಿದನು.

ಒಳ ಅಳತೆಯೆಂದು ದೊಡ್ಡಕ್ಷರದಲ್ಲಿ ಬರೆದುಕೊಟ್ಟು ಬಂದೆವು. ಹೊರಗೆ 48.6, 36.6, 29.1 ಆಯಿತು, ಡಿಕ್ಕಿಯಲ್ಲಿ ಹಿಡಿಸಿತು. ಹಲಗೆ ಎಂ.ಡಿ.ಎಫ್. ಎಂಬ ಒತ್ತಿದ ಮರದ ಪುಡಿಯದು. ನೀರು ತಾಗಿದರೆ ಉಬ್ಬುವುದೊಂದು ಅದರ ದೋಷ. ಎಲ್ಲ ಕಡೆಯೂ ಒಂದೇ ಸಾಂದ್ರತೆಯಿದ್ದು ಸುಲಭವಾಗಿ ಮೊರೆಯದಿರುವುದು ಗುಣ. ಸಂದುಗಳಿಗೆಲ್ಲ ಅಂಟು ಹಾಕಿ ತಿರುಪುಮೊಳೆ ಬಿಗಿದು, ಒಳಮೂಲೆಗಳಿಗೆ ಸಿಲಿಕೋನನ್ನು ಬಳಿದು, ಅದರ ಹುಳಿವಾಸನೆ ಹೋಗುವವರೆಗೆ ಎರಡು ದಿವಸ ಬಿಟ್ಟು, ಆಮೇಲೆ ಸ್ಪೀಕರನ್ನು ಕೂಡಿಸಿದರು. ಸೋರುವುದೋ ಇಲ್ಲವೋ ನೋಡುವ ಉಪಾಯ ನಮ್ಮ ಮನೆಯವರದು: ತೀರ ಕೆಳಗಿನ ಒಂದು ಸ್ವರವನ್ನು ಮೆಲ್ಲಗೆ ನುಡಿಸುತ್ತ ಉರಿಯುವ ಊದುಬತ್ತಿಯನ್ನು ಸಂದುಗಳ ಉದ್ದಕ್ಕೂ ಹಿಡಿದುಕೊಂಡು ಹೋಗುವುದು. ತಂತಿಯ ತೂತಿನ ಬಳಿ ಹೊಗೆ ನಡುಗಿತು. ಅಲ್ಲಿ ಇನ್ನಷ್ಟು ಬಳಿದೆವು.

ಪೆಟ್ಟಿಗೆಯೊಳಗೆ ದಿಂಬಿಗೆ ತುಂಬುವ ಪಾಲಿಯೆಸ್ಟರ್ ಅರಳೆಯನ್ನು ಸಡಿಲವಾಗಿ ಇಡುವುದುಂಟು. ಜಾಗವನ್ನು ತುಂಬಿದರೆ ಪೆಟ್ಟಿಗೆ ಚಿಕ್ಕದಾಗಬೇಕಲ್ಲವೆ? ಆಗುವುದು ವಿಪರೀತ, ಸ್ವಲ್ಪ ದೊಡ್ಡದಾದಂತೆ ವರ್ತಿಸುತ್ತದೆ. ನ್ಯೂಟನ್ ಮಹಾಶಯನು ಶಬ್ದದ ವೇಗವನ್ನು ಲೆಕ್ಕ ಮಾಡುವಾಗ ಒತ್ತಿದ ಗಾಳಿ ಬಿಸಿಯೇರುವುದಿಲ್ಲವೆಂದು ಭಾವಿಸಿ ಕಡಮೆ ಉತ್ತರವನ್ನು ಪಡೆದನು. ಅದು ಬಿಸಿಯೇರುತ್ತದೆ, ಅದರಿಂದ ಹೆಚ್ಚು ಬಿಗಿಯಾಗುತ್ತದೆ ಎಂದು ಲಾಪ್ಲಾಸನು 1816ರಲ್ಲಿ ತಿದ್ದಿದನು. ಅರಳೆಯ ಎಳೆಗಳು ಆ ಬಿಸಿಯನ್ನು ಹೀರಿಕೊಂಡು ಗಾಳಿಯನ್ನು ನ್ಯೂಟನ್ ಎಣಿಸಿದ್ದ ಸ್ಥಿತಿಯ ಕಡೆಗೆ ತಿರುಗಿಸುತ್ತವೆ, ಸ್ಪ್ರಿಂಗು ಮೆದುವಾಗುತ್ತದೆ. ತಪ್ಪೆಂದು ತಳ್ಳಿದ ಲೆಕ್ಕಕ್ಕೂ ಒಂದು ದಿಂಬಿನೊಳಗೆ ಆಶ್ರಯ ಸಿಕ್ಕಿತಲ್ಲ ಎಂದು ನಮಗೆ ಸಂತೋಷವಾಯಿತು. ನಾವು ಹಾಕಿಸಿದ್ದು ಎರಡು ಹಿಡಿ.

ಇಂತಹ ಕೆಲಸಕ್ಕೆ ಕೈಹಾಕುವ ಗೃಹಸ್ಥರು ಎರಡು ವಿಷಯಗಳನ್ನು ಮರೆಯಬಾರದು. ಸ್ಪೀಕರು ಸೇರಿ ಪೆಟ್ಟಿಗೆ 18 ಕಿಲೋಗ್ರಾಂ ತೂಗುತ್ತದೆ. ಅದನ್ನು ಕಾರಿನ ಮೈಗೆ ಪಟ್ಟಿಯಿಂದ ಬಿಗಿಯದೆ ಬಿಟ್ಟರೆ ಜೋರಾಗಿ ಬ್ರೇಕು ಹಾಕಿದಾಗ ಹಿಂದಿನಿಂದ ಬಂದು ಕುಳಿತವರ ಬೆನ್ನಿಗೆ ಬಡಿಯುತ್ತದೆ. ಬ್ಯಾಟರಿಯಿಂದ ಆಂಪ್ಲಿಫಯರಿಗೆ ಎಳೆಯುವ ತಂತಿಗೆ, ಬ್ಯಾಟರಿಯ ಹತ್ತಿರದಲ್ಲಿಯೇ, ಒಂದು ಮೊಳದೊಳಗಾಗಿ ಫ್ಯೂಸು ಇರಲೇಬೇಕು. ಇಲ್ಲವಾದರೆ ತಂತಿ ಎಲ್ಲಿಯಾದರೂ ತಗಡಿಗೆ ಉಜ್ಜಿದ ದಿವಸ ಕಾರೇ ಹೊತ್ತಿಕೊಂಡೀತು. ಬೀದಿಯವರ ಕಿವಿಯ ವಿಚಾರವನ್ನು ನಾವು ಹುಡುಗನಿಗೆ ಬೇರೆಯಾಗಿ ಹೇಳಿದ್ದೇವೆ.

ಕಳೆದ ತಿಂಗಳು ಒಂದು ಭಾನುವಾರ ಸಾಯಂಕಾಲ ಪೆಟ್ಟಿಗೆ ಕಾರಿನಲ್ಲಿ ಕುಳಿತಿತು. ಹುಡುಗನಿಗೆ ತಾಯಿಯನ್ನು ಕರೆಯಲು ಧೈರ್ಯ ಸಾಲದೆ ನಮ್ಮನ್ನೇ ಕಳುಹಿಸಿದನು. ಅತ್ತಿಗೆಯವರು ಸೆರಗಿಗೆ ಕೈಯೊರಸಿಕೊಂಡು ಬಂದು ಹಿಂದಿನ ಆಸನದಲ್ಲಿ ಕುಳಿತರು. ಕಾರು ಮನೆಯ ಮುಂದೆ ನಿಂತಲ್ಲಿಯೇ ನಿಂತಿತ್ತು. ಆಂಪ್ಲಿಫಯರಿನ ತಿರುಪು ಈ ಸಲ ಕಾಲುಭಾಗಕ್ಕೂ ಕೆಳಗೆ. ವರ್ಣ ಮುಗಿಯಿತು, ಎರಡು ಕೃತಿಗಳು ಮುಗಿದುವು. ಪೆಟ್ಟಿಗೆಯೊಂದು ಇದೆಯೆಂಬುದೇ ತಿಳಿಯುತ್ತಿರಲಿಲ್ಲ. ತೊಪ್ಪಿಯು ಹಿಂದಿನಿಂದಲ್ಲ, ಎದುರಿನಿಂದ ಕೇಳುತ್ತಿತ್ತು. ತನಿಯಾವರ್ತನದಲ್ಲಿ ಅಣ್ಣನವರ ಎಡಗೈ ಒಂದು ಕಡೆ ಒತ್ತಿ ಜಾರಿತು. ಸ್ವರವೂ ಅದರ ಹಿಂದೆಯೇ ಜಾರಿಕೊಂಡು ಮೇಲಕ್ಕೆ ಹೋಯಿತು. ಹುಡುಗನು ಕನ್ನಡಿಯಲ್ಲಿ ತಾಯಿಯ ಮುಖವನ್ನೇ ನೋಡುತ್ತಿದ್ದನು.

ಅತ್ತಿಗೆಯವರು ಮುಗಿಯುವವರೆಗೂ ಕೇಳಿದರು. ಆಮೇಲೆ, "ತನಿ ಬರುವ ಹೊತ್ತಿಗೆ ತೊಪ್ಪಿಯ ರವೆ ಒಣಗಿಬಿಟ್ಟಿದೆ. ಆ ಬೇಸಗೆಗೆ ಇನ್ನಷ್ಟು ನೀರು ಹಾಕಬೇಕಾಗಿತ್ತು, ನಾನೇ ಕಲಸಿದ್ದು" ಎಂದು ಹೇಳಿ, ಒಲೆಯ ಮೇಲೆ ಹಾಲಿಟ್ಟು ಬಂದಿದ್ದುದು ನೆನಪಾಗಿ ಒಳಗೆ ಹೋದರು.